ಥ್ಯಾಕರೆಯ ಸೊಂಟಕ್ಕೆ ಒಂದು ಚಕಮಕಿ ಪಿಸ್ತೂಲು

ಹೋದ ವರ್ಷ ನಮ್ಮ ತಂಡ ಕಿತ್ತೂರಿನ ಕಾಳಗವನ್ನು ಬಯಲಲ್ಲಿ ಆಡಿದಾಗ ಬಟ್ಟೆಗೆ ಬಹಳ ಕಷ್ಟಪಟ್ಟಿದ್ದೆವು. ರುಮಾಲು ಸುತ್ತುವುದನ್ನು ಹಿರಿಯರ ಹತ್ತಿರ ಕಲಿತೆವು, ಚೆನ್ನಮ್ಮನ ಪಾತ್ರಕ್ಕೆ ಮಗ್ಗದ ಇಳಕಲ್ ಸೀರೆಯೇ ಬೇಕು ಅಂತ ಹಟ ಹಿಡಿದು ತಂದೆವು. ಆದರೆ ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥ್ಯಾಕರೆ ಪಾತ್ರದವನ ಸೊಂಟದಲ್ಲಿ ಇದ್ದದ್ದು ಆರು ಗುಂಡಿನ ರಿವಾಲ್ವರ್! ಕಾಳಗ ನಡೆದದ್ದು 1824ರ ಅಕ್ಟೋಬರ್ 23ಕ್ಕೆ. ಕೋಲ್ಟ್ ತನ್ನ ರಿವಾಲ್ವರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. ವೀಡಿಯೊ ನೋಡುವಾಗ ನನಗೆ ಬೇರೇನೂ ಕಾಣಲಿಲ್ಲ, ಆ ರಿವಾಲ್ವರ್ ಒಂದೇ ಕಣ್ಣಿಗೆ ಚುಚ್ಚುತ್ತಿತ್ತು. ಈ ವರ್ಷ ಇದನ್ನು ಸರಿ ಮಾಡಲೇಬೇಕು ಅಂತ ಹೊರಟೆ.

ಆ ಕಾಲಕ್ಕೆ ಬೇಕಾದ್ದು ಚಕಮಕಿ ಪಿಸ್ತೂಲು. ನಮ್ಮ ಅಜ್ಜ ಚಿಲುಮೆ ಹಚ್ಚಲು ಇಟ್ಟುಕೊಳ್ಳುತ್ತಿದ್ದ ಚಕಮಕಿ ಕಲ್ಲು ಇರುತ್ತಿತ್ತಲ್ಲ, ಇದೂ ಅದೇ ಲೆಕ್ಕ. ಕುದುರೆ ಅಂತ ಕರೆಯುವ ಪುಟ್ಟ ಸುತ್ತಿಗೆಯ ಬಾಯಲ್ಲಿ ಒಂದು ಕಲ್ಲು ಕಚ್ಚಿಸಿರುತ್ತಾರೆ. ಬಿಲ್ಲು, ಅಂದರೆ ಟ್ರಿಗರ್ ಎಳೆದರೆ ಕುದುರೆ ಮುಂದಕ್ಕೆ ಬಡಿದು, ಎದುರಿಗಿರುವ ಉಕ್ಕಿನ ತಗಡನ್ನು ಕಲ್ಲು ಕೆರೆಯುತ್ತದೆ, ತಗಡು ಮುಂದಕ್ಕೆ ಸರಿದು ಅದರ ಕೆಳಗಿನ ಪುಟ್ಟ ಬಟ್ಟಲು ತೆರೆದುಕೊಳ್ಳುತ್ತದೆ, ಬಟ್ಟಲಿನ ಮದ್ದಿಗೆ ಕಿಡಿ ಬಿದ್ದು ಆ ಬೆಂಕಿ ಪಕ್ಕದ ಸಣ್ಣ ತೂತಿನಿಂದ ನಳಿಗೆಯೊಳಗೆ ಹೋಗುತ್ತದೆ. ಮಲೆನಾಡಿನ ಕಡೆಯವರು ನೋಡಿರುವ ಕೇಪಿನ ಕೋವಿ, ಅಂದರೆ ಕಲ್ಲಿನ ಬದಲು ಬಡಿದರೆ ಸಿಡಿಯುವ ಪುಟ್ಟ ಲೋಹದ ಟೋಪಿ ಹಾಕುವಂಥದ್ದು, ಇದರ ನಂತರದ್ದು. ಬ್ರಿಟಿಷ್ ಸೈನ್ಯ ಕೇಪಿಗೆ ಬದಲಾಗಿದ್ದು 1830ರ ದಶಕದ ಕೊನೆಗೆ, 1840ರ ದಶಕದಲ್ಲಿ. ಹಾಗಾಗಿ ಕಿತ್ತೂರಿನ ದೃಶ್ಯದಲ್ಲಿ ಕೇಪಿನದೂ ತಪ್ಪೇ.

ಇನ್ನೊಂದು ಮಾತು. ಪಿಸ್ತೂಲು ಎಲ್ಲರ ಕೈಗೂ ಕೊಡಬೇಡಿ. ಅದು ಅಧಿಕಾರಿಗಳದ್ದು, ಕುದುರೆ ಸವಾರರದ್ದು. ಕಂಪನಿಯ ಸಿಪಾಯಿಗಳ ಹತ್ತಿರ ಇದ್ದದ್ದು ಉದ್ದನೆಯ ಬಂದೂಕು, 39 ಇಂಚಿನ ನಳಿಗೆಯ ಇಂಡಿಯಾ ಪ್ಯಾಟರ್ನ್. ಹೆಸರೇ ಹೇಳುವ ಹಾಗೆ ಅದು ಮೊದಲು ಈಸ್ಟ್ ಇಂಡಿಯಾ ಕಂಪನಿಗಾಗಿ ಮಾಡಿದ ಮಾದರಿ. ಆಮೇಲೆ 1797ರಲ್ಲಿ ಬ್ರಿಟಿಷ್ ಸೈನ್ಯವೇ ಅದನ್ನು ತೆಗೆದುಕೊಂಡಿತು. ಕಲೆಕ್ಟರ್ ಥ್ಯಾಕರೆಯನ್ನು ಹೊಡೆದುರುಳಿಸಿದ ಅಮಟೂರು ಬಾಳಪ್ಪನ ಕೈಗೂ ನಾವು ಉದ್ದನೆಯ ಬಂದೂಕನ್ನೇ ಕೊಟ್ಟಿದ್ದೇವೆ, ಅದೇ ಒಪ್ಪುತ್ತದೆ. ಹೀಗೆ ಲೆಕ್ಕ ಹಾಕಿದರೆ ಇಡೀ ಆಟಕ್ಕೆ ನಮಗೆ ಬೇಕಾದದ್ದು ನಾಲ್ಕೇ ಪಿಸ್ತೂಲು.

ಮೊದಲು ಹಳೆಯದ್ದೇ ಒಂದನ್ನು ಕೊಳ್ಳೋಣ ಅಂತ ಆಸೆಪಟ್ಟೆ. ಹಳೆ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಕಂಪನಿ ಕಾಲದ್ದು ಅಂತ ತೋರಿಸಿದರು. ಮೇಲೆ ಕಿರೀಟದ ಗುರುತು, ಇಸವಿ, ಈಸ್ಟ್ ಇಂಡಿಯಾ ಕಂಪನಿ ಅಂತ ಇಷ್ಟು ದಪ್ಪ ಅಕ್ಷರ. ತುಕ್ಕು ಹಿಡಿದ ನಳಿಗೆ, ಕೈಗೆ ತಣ್ಣಗೆ ಭಾರ. ಒಳ್ಳೆ ದುಡ್ಡು ಕೊಟ್ಟು ತಂದೆ. ಮನೆಗೆ ಬಂದು ಕುದುರೆ ಎಳೆದು ಬಿಟ್ಟರೆ ಅದರ ಬಾಯಿ ತಗಡಿಗೆ ಮುಟ್ಟುವುದೇ ಇಲ್ಲ! ಬಟ್ಟಲಿಗೂ ತೂತಿಗೂ ಸಂಬಂಧ ಇಲ್ಲ, ಸ್ಕ್ರೂಗಳು ಈಗಿನವು, ತುಕ್ಕು ಆಸಿಡ್ ಹಾಕಿ ಬರಿಸಿದ್ದು. ತುಂಬಾ ಬೇಜಾರಾಯಿತು. ನೀವು ಕೊಳ್ಳಲು ಹೋದರೆ ಅಕ್ಷರ ಓದಬೇಡಿ, ಕೆಲಸ ನೋಡಿ. ನಿಜವಾದದ್ದರಲ್ಲಿ ಕುದುರೆ ಅರ್ಧಕ್ಕೊಮ್ಮೆ ನಿಲ್ಲುತ್ತದೆ, ಪೂರ್ತಿ ಎಳೆದಾಗ ಇನ್ನೊಮ್ಮೆ ನಿಲ್ಲುತ್ತದೆ. ಕಲ್ಲು ತಗಡಿಗೆ ಸರಿಯಾಗಿ ಕೂರುತ್ತದೆ, ಮರ ಮತ್ತು ಕಬ್ಬಿಣ ಸೇರುವ ಕಡೆ ಉಗುರು ಹೋಗುವಷ್ಟೂ ಸಂದು ಇರುವುದಿಲ್ಲ.

ಅಸಲಿ ಸಿಕ್ಕರೂ ತೊಂದರೆ ಇದೆ. ನೂರು ವರ್ಷ ದಾಟಿದ್ದಕ್ಕೆ ಲೈಸೆನ್ಸ್ ಬೇಡ ಅಂತ ಎಲ್ಲರೂ ಹೇಳುತ್ತಾರೆ, ಅದು ಪೂರ್ತಿ ನಿಜ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೇ ಮಾದರಿಯ ಆಯುಧಕ್ಕೆ ವಿನಾಯಿತಿ ಕೊಡುತ್ತದೆ, ಆದರೆ ರಿಪೇರಿ ಮಾಡಿದರೂ ಗುಂಡು ಹಾರಿಸಲು ಆಗದಂತಿದ್ದರೆ ಮಾತ್ರ. ನಳಿಗೆ ಗಟ್ಟಿಯಾಗಿದ್ದು ಲಾಕ್ (ಕುದುರೆ, ತಗಡು ಸೇರಿದ ಕಿಡಿ ಹೊಡೆಯುವ ಭಾಗ) ಸರಿ ಮಾಡಬಹುದು ಅಂತಾದರೆ ಅದನ್ನು ಆಟದ ಸಾಮಾನು ಅಂತ ಚೀಲದಲ್ಲಿ ಹಾಕಿಕೊಂಡು ತಿರುಗುವ ಹಾಗಿಲ್ಲ. ಅದರ ಜೊತೆಗೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಇದೆ, ಅವುಗಳ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಇರಲೇಬೇಕು. ಕೊಡಗಿನವರಿಗೆ ಇರುವ ವಿನಾಯಿತಿ ಅವರ ಕೋವಿಗಳಿಗೆ, ನಮ್ಮ ಆಟದ ಪಿಸ್ತೂಲಿಗಲ್ಲ. ಕಾಯ್ದೆ ಪಕ್ಕಕ್ಕಿಡಿ, ಇನ್ನೂರು ವರ್ಷದ ವಸ್ತುವನ್ನು ಧೂಳಿನಲ್ಲಿ ಬಿದ್ದು ಏಳುವ ಆಟಕ್ಕೆ ತರುವುದೇ ನನಗೆ ಈಗ ತಪ್ಪು ಅನ್ನಿಸುತ್ತದೆ. ಅದು ಕಿತ್ತೂರಿನ ಮ್ಯೂಸಿಯಂನಂಥ ಕಡೆ ಇರಲಿ, ನಾವು ಹೋಗಿ ನೋಡಿ ಕಲಿಯೋಣ.

ಆಮೇಲೆ ಹೊಸದಾಗಿ ಮಾಡಿದವುಗಳನ್ನು ಹುಡುಕಿದೆ. ಇಟಲಿಯ ಪೆಡೆರ್ಸೋಲಿ ಮಾಡುವ ಚಕಮಕಿ ಪಿಸ್ತೂಲುಗಳು ತುಂಬಾ ಚಂದ, ಆದರೆ ಅವು ನಿಜವಾಗಿ ಗುಂಡು ಹಾರಿಸುವಂಥವು, ನಮ್ಮಲ್ಲಿ ಸುಮ್ನೆ ತರಿಸುವ ವಸ್ತು ಅಲ್ಲವೇ ಅಲ್ಲ. ಸ್ಪೇನಿನ ಡೆನಿಕ್ಸ್ ಮಾಡುವವು ಸತುವಿನ ಮಿಶ್ರಲೋಹದ ಎರಕ, ಹಾರುವುದಿಲ್ಲ, ದೂರದಿಂದ ಚೆನ್ನಾಗಿ ಕಾಣುತ್ತವೆ. ಆದರೆ ಕಿಡಿ ಬರುವುದಿಲ್ಲ. ಕಿಡಿ ಬರಬೇಕಾದರೆ ತಗಡು ಗಟ್ಟಿಯಾದ ಉಕ್ಕೇ ಆಗಿರಬೇಕು, ಕಲ್ಲು ಕೆರೆದು ಎಬ್ಬಿಸುವ ಉಕ್ಕಿನ ಪುಡಿಯೇ ಉರಿದು ಕಿಡಿಯಾಗುವುದು. ನಮ್ಮ ದೇಶದಲ್ಲೇ ಮಾಡಿದ ಚಕಮಕಿ ಬಂದೂಕುಗಳು ಅಮೆರಿಕ, ಕೆನಡಾದ ಇಂಥ ತಂಡಗಳಿಗೆ ಹೋಗುತ್ತವೆ, ಬೆಂಕಿ ಹೋಗುವ ಆ ಸಣ್ಣ ತೂತನ್ನು ಕೊರೆಯದೆ ಕಳಿಸುತ್ತಾರೆ. ಅದನ್ನು ಓದಿದಾಗ ಹೊಳೆಯಿತು, ನಾವೇ ಯಾಕೆ ಮಾಡಿಸಬಾರದು ಅಂತ.

ಅಳತೆ ಸಿಕ್ಕಿದ್ದು ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ರಾಯಲ್ ಆರ್ಮರೀಸ್ ಮ್ಯೂಸಿಯಂನ ಸಂಗ್ರಹದಿಂದ. ಎಷ್ಟೋ ಪಿಸ್ತೂಲುಗಳ ಫೋಟೊ, ಉದ್ದ, ತೂಕ ಎಲ್ಲ ನೆಟ್‌ನಲ್ಲೇ ಇಟ್ಟಿದ್ದಾರೆ, ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನಾವು ಆರಿಸಿದ್ದು ಕುದುರೆ ಪಡೆಯ ನ್ಯೂ ಲ್ಯಾಂಡ್ ಪ್ಯಾಟರ್ನ್: 9 ಇಂಚಿನ ನಳಿಗೆ, ಸುಮಾರು 0.65 ಇಂಚಿನ ಬಾಯಿ, ಮದ್ದು ಜಡಿಯುವ ಸಲಾಕೆ ಸವಾರನ ಕೈ ಜಾರಿ ಬೀಳದ ಹಾಗೆ ನಳಿಗೆಗೇ ಕೊಂಡಿ ಹಾಕಿ ಸಿಕ್ಕಿಸಿದ್ದು. ನೋಡುವವರಿಗೆ ಅದೊಂದು ಕೊಂಡಿ ತೋರಿಸಿದರೆ ಸಾಕು, ಅದನ್ನು ಮಾಡಿದವರ ಯೋಚನೆ ಅರ್ಥ ಆಗಿಬಿಡುತ್ತದೆ.

ಹಿಡಿ ಮಾಡಿದ್ದು ನಮ್ಮೂರ ಬಡಿಗೇರ ಕಾಕಾ. ಅಸಲಿಯಲ್ಲಿ ವಾಲ್‌ನಟ್ ಮರ, ನಮ್ಮದು ಸಾಗವಾನಿ. ಮೂರು ಸಲ ಚಿತ್ರ ಬರೆದುಕೊಟ್ಟರೂ ಅವರಿಗೆ ಸಮಾಧಾನ ಇಲ್ಲ, ಕೊನೆಗೆ ನನ್ನ ಕೈ ಹಿಡಿದು ಮುಷ್ಟಿಯ ಅಳತೆ ತೆಗೆದುಕೊಂಡರು. "ಚಿತ್ರದಾಗ ಏನೈತಿ ತಮ್ಮಾ, ಕೈ ಎಲ್ಲಿ ಕುಂದರತೈತಿ ಅಲ್ಲೇ ಕೆತ್ತಬೇಕು" ಅಂದರು. ಕೆತ್ತಿ ಕೊಟ್ಟಿದ್ದನ್ನು ಫೋಟೊ ಪಕ್ಕ ಇಟ್ಟು ನೋಡಿದರೆ ಬಾಗು ಹೆಚ್ಚುಕಡಿಮೆ ಅದೇ!

ನಳಿಗೆ ಬರೀ ಗಟ್ಟಿ ಸಲಾಕೆ, ಬಾಯಲ್ಲಿ ಒಂದಿಂಚು ಮಾತ್ರ ಕೊರೆಸಿದ್ದು. ಪಕ್ಕದಲ್ಲಿ ತೂತೇ ಇಲ್ಲ. ಇದು ಬಹಳ ಮುಖ್ಯ, ಯಾಕೆಂದರೆ ನಕಲಿಯನ್ನು ಹಾರುವ ಹಾಗೆ ಬದಲಾಯಿಸಲು ಅದೇ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬೇಕು. ನಮ್ಮದರಲ್ಲಿ ಅಂಥ ಪ್ರಶ್ನೆಯೇ ಏಳಬಾರದು. ಕಿಡಿಯ ತಗಡನ್ನು ಕಮ್ಮಾರರು ಹಳೆ ಅರದಿಂದ ಮಾಡಿದರು, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ. ಮೊದಲನೆಯದು ಮೆತ್ತಗಾಗಿ ಕಲ್ಲು ಗೀರು ಬಿಟ್ಟಿತು, ಕಿಡಿ ಇಲ್ಲ. ಎರಡನೆಯದರಲ್ಲಿ ಬಂತು ನೋಡಿ, ಸಂಜೆಗತ್ತಲಲ್ಲಿ ಕಮ್ಮಾರಸಾಲೆಯಲ್ಲಿ ಇದ್ದವರೆಲ್ಲ ಕೂಗಿಬಿಟ್ಟೆವು.

ಬಟ್ಟಲಿಗೆ ಒಂದು ಚಿಟಿಕೆ ಮದ್ದು ಹಾಕಿದರೆ ಇನ್ನೂ ಚೆನ್ನಾಗಿರುತ್ತದೆ ಅಂತ ಹುಡುಗರು ಕೇಳುತ್ತಾರೆ. ಬೇಡವೇ ಬೇಡ. ಆ ಬೆಂಕಿ ಪಕ್ಕಕ್ಕೆ ಹಾರುತ್ತದೆ, ಬಲಗಡೆ ನಿಂತವನ ಕಣ್ಣಿಗೇ ನೇರ. ಗುಂಡಿಲ್ಲದೆ ಮದ್ದು ಮಾತ್ರ ಇರುವ ತೋಟೆ ಹಾಕಿದ ರಿವಾಲ್ವರನ್ನು ತಲೆಗೆ ಒತ್ತಿ ಹಾರಿಸಿಕೊಂಡು 1984ರಲ್ಲಿ ಅಮೆರಿಕದ ನಟ ಜಾನ್ ಎರಿಕ್ ಹೆಕ್ಸಮ್ ಸತ್ತುಹೋದ, ಶೂಟಿಂಗ್ ಸೆಟ್ಟಿನಲ್ಲೇ ಆಗಿದ್ದು. ನಮ್ಮಲ್ಲಿ ಕಿಡಿ ಮಾತ್ರ, ಸದ್ದು ಸ್ಪೀಕರಿನಿಂದ, ಎದುರಿಗಿರುವವನ ಮುಖಕ್ಕೆ ಗುರಿ ಇಡುವ ಹಾಗಿಲ್ಲ.

ಆಟಕ್ಕೆ ಮೊದಲು ಪೊಲೀಸ್ ಠಾಣೆಗೆ ಹೋಗಿ ನಾಲ್ಕನ್ನೂ ತೋರಿಸಿ, ಫೋಟೊ ಸಮೇತ ಪತ್ರ ಕೊಟ್ಟು ಸಹಿ ಹಾಕಿಸಿಕೊಂಡು ಬರುತ್ತೇವೆ. ಸಾಗಿಸುವಾಗ ಪೆಟ್ಟಿಗೆಯಲ್ಲಿ, ಪತ್ರದ ಪ್ರತಿ ಜೊತೆಗೇ. ಈಗ ಮೂರು ತಯಾರಾಗಿವೆ, ನಾಲ್ಕನೆಯದರ ಸ್ಪ್ರಿಂಗ್ ಇನ್ನೂ ಸರಿ ಕೂರುತ್ತಿಲ್ಲ. ಜೀನಿಗೆ ಕಟ್ಟುವ ಚರ್ಮದ ಚೀಲ ಆಗಬೇಕು. ಹಳೇ ಪದ್ಧತಿಯಲ್ಲಿ ದಪ್ಪ ಚರ್ಮ ಹೊಲಿಯುವವರು ಧಾರವಾಡ, ಬೆಳಗಾವಿ ಕಡೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ, ಅಕ್ಟೋಬರ್ ಹತ್ತಿರ ಬರುತ್ತಿದೆ.