ಓಟಕ್ಕೊಂದು, ಸೈಕಲ್ಲಿಗೊಂದು: ಜಿಪಿಎಸ್ ವಾಚಿನ ಲೆಕ್ಕ

ಕಳೆದ ಭಾನುವಾರ ಬೆಳಿಗ್ಗೆ ಸೈಕಲ್ ತುಳಿದು ಕ್ರೀಡಾಂಗಣ ತಲುಪಿ, ಅಲ್ಲಿ ಓಡಿ, ಮತ್ತೆ ಸೈಕಲ್ಲಿನಲ್ಲೇ ಹಿಂದಿರುಗುವವರೆಗೂ ಮಣಿಕಟ್ಟಿನ ಜಿಪಿಎಸ್ ವಾಚಿನ ಮೇಲೆ ಕಣ್ಣಿಟ್ಟಿದ್ದೆ. ಒಂದೇ ವಾಚು ಓಟದಲ್ಲಿ ಒಂದು ಬಗೆಯಾಗಿ, ಸೈಕಲ್ಲಿನ ಮೇಲೆ ಇನ್ನೊಂದು ಬಗೆಯಾಗಿ ವರ್ತಿಸುತ್ತದೆ ಎಂಬ ಗುಮಾನಿ ನನಗೆ ಬಹಳ ಕಾಲದಿಂದ ಇತ್ತು.

ಹೊರಡುವ ಮುನ್ನ ಬಯಲಿನಲ್ಲಿ ನಿಂತು ಸಿಗ್ನಲ್‌ಗಾಗಿ ಕಾದೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ 4ರ ಸಂಕೇತ ದೊರೆತ ಮೇಲಷ್ಟೇ ವಾಚಿಗೆ ತಾನಿರುವ ಸ್ಥಳ ಸರಿಯಾಗಿ ಗೊತ್ತಾಗುವುದರಿಂದ, ಅವಸರದಲ್ಲಿ ಹೊರಟವರ ಮೊದಲ ಕಿಲೋಮೀಟರ್ ಎಂದೂ ನಂಬಲರ್ಹವಲ್ಲ.

ಸೈಕಲ್ಲಿನ ಮೇಲೆ ವೇಗದ ಅಂಕಿ ಹೆಚ್ಚು ಏರುಪೇರಾಗಲಿಲ್ಲ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 7 ಮೀಟರಿನಷ್ಟು ಸಾಗುವಾಗ ಒಂದೆರಡು ಮೀಟರಿನ ವ್ಯತ್ಯಾಸ ದೊಡ್ಡದಾಗಿ ಕಾಣುವುದಿಲ್ಲ. ಕಷ್ಟವಿದ್ದುದು ಅದನ್ನು ಓದುವುದರಲ್ಲಿ: ಹ್ಯಾಂಡಲ್ ಹಿಡಿದಾಗ ವಾಚಿನ ಮುಖ ಹೊರಕ್ಕೆ ತಿರುಗಿರುತ್ತದೆ, ಕೈ ಹೊರಳಿಸಿ ನೋಡಹೋದರೆ ಸೈಕಲ್ಲೇ ಅಲುಗುತ್ತದೆ.

ಟ್ರ್ಯಾಕಿನಲ್ಲಿ ಕಥೆ ಬೇರೆಯಾಯಿತು. ಕಿಲೋಮೀಟರಿಗೆ 6 ನಿಮಿಷದ ಪೇಸ್‌ನಲ್ಲಿ ಓಡುವವನು ಸೆಕೆಂಡಿಗೆ 3 ಮೀಟರನ್ನೂ ಕ್ರಮಿಸುವುದಿಲ್ಲವಾದ್ದರಿಂದ, ಅದೇ ಒಂದೆರಡು ಮೀಟರಿನ ವ್ಯತ್ಯಾಸ ಇಲ್ಲಿ ಅಂಕಿಯನ್ನೇ ಬುಡಮೇಲು ಮಾಡಬಲ್ಲದು. ನನ್ನ ಹೆಜ್ಜೆಯ ಲಯ ಬದಲಾಗದಿದ್ದರೂ ಗ್ಯಾಲರಿಯ ಚಾವಣಿಯ ಬದಿ ಹಾಯುವಾಗಲೆಲ್ಲ 6:00 ಇದ್ದದ್ದು ಏಕಾಏಕಿ 5:20ಕ್ಕೆ ಇಳಿದು, ಬಯಲಿಗೆ ಬಂದೊಡನೆ 6:30ಕ್ಕೆ ಏರುತ್ತಿತ್ತು. ಸಂಕೇತವು ಗೋಡೆಗೋ ತಗಡಿಗೋ ತಾಗಿ ಪ್ರತಿಫಲಿಸಿ ಬಂದಾಗ ಅದು ಕ್ರಮಿಸಿದ ದೂರ ಹೆಚ್ಚುತ್ತದೆ. ವಾಚು ಆ ತಡವನ್ನೇ ನಂಬಿ ನಮ್ಮನ್ನು ಪಕ್ಕಕ್ಕೆ ಸರಿಸಿಬಿಡುವುದರಿಂದ, ಓಡದ ದೂರವೂ ಲೆಕ್ಕಕ್ಕೆ ಸೇರುತ್ತದೆ. ತಿರುವಿನಲ್ಲಿ ಆಗುವುದು ಇದಕ್ಕೆ ವಿರುದ್ಧ. ಬ್ಯಾಟರಿ ಉಳಿಸಲೆಂದು ಕೆಲವು ಸೆಕೆಂಡಿಗೊಮ್ಮೆ ಮಾತ್ರ ಬಿಂದು ದಾಖಲಿಸುವ ವ್ಯವಸ್ಥೆ ಆಯ್ದಿದ್ದರೆ, ಬಿಂದುಗಳ ನಡುವೆ ನೇರ ಗೆರೆ ಎಳೆದು ಬಾಗನ್ನು ಕತ್ತರಿಸುವುದರಿಂದ ದೂರ ಕಡಿಮೆಯಾಗುತ್ತದೆ. ಪ್ರತಿ ಸೆಕೆಂಡಿನ ದಾಖಲೆಗೆ ಬದಲಾಯಿಸಿದ ಮೇಲೆ ನನ್ನ ಸುತ್ತುಗಳು 400 ಮೀಟರಿನ ಹತ್ತಿರಕ್ಕೆ ಬಂದವು. (ಎರಡನೆಯ ಲೇನಿನಲ್ಲಿ ಓಡುವವರಿಗೆ ಸುತ್ತಿಗೆ 7 ಮೀಟರಿಗಿಂತ ತುಸು ಹೆಚ್ಚೇ ಸೇರುತ್ತದೆ, ಅದಕ್ಕೆ ವಾಚನ್ನು ದೂರುವುದು ಅನ್ಯಾಯ.)

ಇಷ್ಟಾದರೂ ಲ್ಯಾಪಿನ ಸರಾಸರಿ ಪೇಸ್ ಮಾತ್ರ ಸುತ್ತಿನಿಂದ ಸುತ್ತಿಗೆ ಎರಡು ಮೂರು ಸೆಕೆಂಡಿನ ಆಚೀಚೆ ಹೋಗಲಿಲ್ಲ. ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಓಟದ ಪರದೆಯಿಂದ ಆ ಕ್ಷಣದ ಪೇಸನ್ನು ತೆಗೆದು ಸರಾಸರಿಯನ್ನು ಹಾಕಿಕೊಂಡೆ. ಹಿಂದಿರುಗುವಾಗ ವಾಚನ್ನು ಬಿಚ್ಚಿ ಹ್ಯಾಂಡಲ್ಲಿಗೆ ಕಟ್ಟಿದೆ. ಹೃದಯ ಬಡಿತದ ಲೆಕ್ಕ ಅದರಿಂದ ತಪ್ಪಿಹೋಯಿತು, ಆದರೆ ರಸ್ತೆಯ ಅದುರಿನಲ್ಲಿ ವಾಚು ಮಣಿಕಟ್ಟಿಗೆ ಹಸಿರು ಬೆಳಕು ಬಿಟ್ಟು ಅಳೆದುಕೊಡುವ ಆ ಅಂಕಿಗೆ ನಾನು ಮೊದಲೂ ಹೆಚ್ಚು ಬೆಲೆ ಕೊಟ್ಟವನಲ್ಲ.