ಒಳ್ಳೇ ಬಿಯರ್ ಹೇಳಿ, ಆದ್ರೆ ಕಹಿ ಇರ್ಬಾರ್ದು

ಪ್ರಶ್ನೆ ಬರುವುದು ಹೀಗೆ: "ಕ್ರಾಫ್ಟ್ ಬಿಯರ್ ರುಚಿ ನೋಡೋದು ಕಲೀಬೇಕು ಅಂತಿದೀನಿ. ಶುರು ಮಾಡೋಕೆ ಒಂದು ಒಳ್ಳೇ ಹೆಸರು ಹೇಳಿ. ಆದ್ರೆ ಕಹಿ ಇರ್ಬಾರ್ದು." ಮೊದಲೆರಡು ಮಾತಿಗೆ ನನ್ನ ತಕರಾರಿಲ್ಲ. ಮೂರನೆಯದಕ್ಕೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರ ಕೈಗೆ ಇದನ್ನೇ ಕೊಟ್ಟು ಸುಮ್ಮನಾಗುತ್ತೇನೆ.

ಕಹಿಯಿಲ್ಲದ ಬಿಯರ್ ಕೇಳುವುದು ಹುಳಿಯಿಲ್ಲದ ಹುಣಸೆ ಕೇಳಿದ ಹಾಗೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, 65–68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಗಂಟೆ ಹೊತ್ತು ನೆನೆಸಿಟ್ಟರೆ ಅದರ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. ಸೋಸಿದಾಗ ಸಿಗುವ ದ್ರವಕ್ಕೆ ವೋರ್ಟ್ ಎನ್ನುತ್ತಾರೆ. ಎರಡು ಗುಟುಕಿಗೆ ಗಂಟಲು ಕಟ್ಟುವಷ್ಟು ಸಿಹಿ. ಯೀಸ್ಟ್ ಅದರಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ತಿಂದು ಆಲ್ಕೋಹಾಲು, ಗ್ಯಾಸು ಮಾಡುತ್ತದೆ, ಮಿಕ್ಕಿದ್ದನ್ನು ಬಿಟ್ಟುಬಿಡುತ್ತದೆ. ಆ ಮಿಕ್ಕಿದ್ದಕ್ಕೆ ಕಡಿವಾಣ ಹಾಕುವುದೇ ಹಾಪ್ಸ್. ಈ ಹೂವನ್ನು ವೋರ್ಟಿನ ಜೊತೆ ಒಂದು ಗಂಟೆ ಕುದಿಸಿದರೆ ಅದರ ಆಲ್ಫಾ ಆಮ್ಲ ರೂಪ ಬದಲಿಸಿಕೊಂಡು ಕಹಿ ಬಿಡುತ್ತದೆ, ಪರಿಮಳವೆಲ್ಲ ಹಬೆಯ ಜೊತೆ ಹೋಗುತ್ತದೆ. ಕುದಿಯ ಕೊನೆಯ ಐದು ನಿಮಿಷಕ್ಕೆ ಹಾಕಿದರೆ ಪರಿಮಳ ಉಳಿಯುತ್ತದೆ, ಕಹಿ ಅಷ್ಟಾಗಿ ಇಳಿಯುವುದಿಲ್ಲ. ಹುದುಗಿದ ಮೇಲೆ ತಣ್ಣಗಿನ ಬಿಯರಿಗೆ ಹಾಕಿದರೆ ಮಾವು, ಕಿತ್ತಳೆಸಿಪ್ಪೆ, ಚಿಗುರುಹುಲ್ಲಿನ ವಾಸನೆ ಧಾರಾಳ, ಕಹಿ ಅತ್ಯಲ್ಪ. ಅದೇ ಹೂವು, ಹಾಕುವ ಹೊತ್ತು ಬೇರೆ. ಹಾಗಾಗಿ ಕಹಿ ಎನ್ನುವುದು ಯಾರೋ ಮೈಮರೆತು ಮಾಡಿದ ತಪ್ಪಲ್ಲ, ಗಡಿಯಾರ ನೋಡಿಕೊಂಡು ಮಾಡಿದ ಕೆಲಸ.

ಸ್ವಲ್ಪ ಓದಿಕೊಂಡವರು ಐಬಿಯು ಕೇಳುತ್ತಾರೆ. ಒಂದು ಐಬಿಯು ಎಂದರೆ ಸರಿಸುಮಾರು ಒಂದು ಲೀಟರಿಗೆ ಒಂದು ಮಿಲಿಗ್ರಾಂ ಕಹಿ ಅಂಶ. "40 ಅಂದ್ರೆ ಜಾಸ್ತಿ ಅಲ್ವಾ?" ಯಾವುದರಲ್ಲಿ ಎಂದು ಮೊದಲು ಹೇಳಿ. 40 ಐಬಿಯು ಇರುವ ತೆಳುವಾದ, ತಿಳಿಬಣ್ಣದ ಪಿಲ್ಸ್ನರ್, 60 ಐಬಿಯು ಇರುವ ಕಪ್ಪಗಿನ, ಗಟ್ಟಿಯಾದ ಇಂಪೀರಿಯಲ್ ಸ್ಟೌಟಿಗಿಂತ ಕಹಿಯೆನಿಸಬಹುದು. ನೀರಿನ ಸಾಂದ್ರತೆ 1 ಆದರೆ, ಹುದುಗುವ ಮುಂಚಿನ ಸಾಂದ್ರತೆ ಪಿಲ್ಸ್ನರಿನಲ್ಲಿ 1.048, ಸ್ಟೌಟಿನಲ್ಲಿ 1.090 ಎಂದಿಟ್ಟುಕೊಳ್ಳಿ. ಕೊನೆಯ ಎರಡಂಕಿಯಿಂದ ಐಬಿಯುವನ್ನು ಭಾಗಿಸಿದರೆ ಮೊದಲನೆಯದು 0.83, ಎರಡನೆಯದು 0.67. ನಾಲಿಗೆಗೆ ತಟ್ಟುವುದು ಈ ಅನುಪಾತ, ಡಬ್ಬಿಯ ಮೇಲೆ ಅಚ್ಚಾದ ಅಂಕಿಯಲ್ಲ.

ಇನ್ನು "ಕಪ್ಪು ಬಿಯರ್ ಸ್ಟ್ರಾಂಗ್ ಅಲ್ವಾ?" ಅಲ್ಲ. ಐರಿಶ್ ಸ್ಟೌಟಿನಲ್ಲಿ ಆಲ್ಕೋಹಾಲು ಶೇಕಡಾ 4ರಿಂದ 5. ಹೊಂಬಣ್ಣದ ಬೆಲ್ಜಿಯನ್ ಟ್ರಿಪಲಿನಲ್ಲಿ ಶೇಕಡಾ 7.5ರಿಂದ 9.5. ಸ್ಟೌಟಿಗೆ ಕಪ್ಪು ಬರುವುದು ಹತ್ತರಲ್ಲೊಂದು ಪಾಲು ಕರಿ ಹುರಿದ ಬಾರ್ಲಿಯಿಂದ, ಅಷ್ಟೇ. ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ನಡೆಸುವ ಬಿಜೆಸಿಪಿ ಎಂಬ ಸಂಸ್ಥೆಯಿದೆ, 1985ರಲ್ಲಿ ಶುರುವಾದದ್ದು. ಅದರ ಅಂಕಪಟ್ಟಿಯಲ್ಲಿ 50ಕ್ಕೆ ನೋಟಕ್ಕೆ ಸಿಗುವುದು 3. ವಾಸನೆಗೆ 12, ರುಚಿಗೆ 20, ಬಾಯಲ್ಲಿ ಅದರ ಮೈಕಟ್ಟಿಗೆ 5, ಒಟ್ಟಾರೆಗೆ 10. ಬಣ್ಣದ ಬಗ್ಗೆ ಯಾರಾದರೂ ಭಾಷಣ ಶುರು ಮಾಡಿದರೆ ಆ 3 ನೆನಪಿಸಿಕೊಳ್ಳಿ.

ಸರಿ, ರುಚಿ ನೋಡುವುದು. ಮೊದಲ ಕೆಲಸ, ಬಿಯರನ್ನು ಫ್ರಿಜ್ಜಿನಿಂದ ಹೊರಗೆ ತೆಗೆದು ಕಾಯುವುದು. ಎರಡು ಡಿಗ್ರಿಯ ಬಿಯರಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಹಿಮದಂತೆ ಕುಡಿಯಿರಿ ಎಂದು ಹೇಳುವ ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ತಣ್ಣಗೆ ಹುದುಗಿಸುವ ಲಾಗರಿಗೆ 5–7 ಡಿಗ್ರಿ, ತುಸು ಬೆಚ್ಚಗೆ ಹುದುಗಿಸುವ ಏಲ್‌ಗೆ 8–12, ಗಟ್ಟಿಮುಟ್ಟಾದ ಸ್ಟೌಟಿಗೆ 12–14. ಫ್ರೀಜರಿನಲ್ಲಿಟ್ಟ ಗ್ಲಾಸು ಬೇಡವೇ ಬೇಡ. ಒಳಗೆ ಕಟ್ಟಿದ ಮಂಜು ಬಿಯರಿಗೆ ನೀರು ಬೆರೆಸುತ್ತದೆ, ನೊರೆ ಉಕ್ಕಿಸುತ್ತದೆ.

ಗ್ಲಾಸು ಶುಚಿಯಾಗಿದೆಯೇ ಎಂದು ತಿಳಿಯಲು ಸುಲಭದ ದಾರಿಯಿದೆ. ಬಿಯರ್ ಸುರಿದ ಮೇಲೆ ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಅಲ್ಲಿ ಜಿಡ್ಡೋ ಸೋಪಿನ ಪಸೆಯೋ ಉಳಿದಿದೆ. ಆ ಗ್ಲಾಸಿನಲ್ಲಿ ನೊರೆ ನಿಲ್ಲುವುದಿಲ್ಲ, ನೊರೆ ಹೋದರೆ ವಾಸನೆಯೂ ಹಿಂದೆಯೇ ಹೋಗುತ್ತದೆ. ಚೆನ್ನಾಗಿ ತೊಳೆದು, ಬಟ್ಟೆಯಲ್ಲಿ ಒರೆಸದೆ, ಬೋರಲು ಹಾಕಿ ಆರಿಸಿ. ಸುರಿಯುವಾಗ ಮೊದಲ ಅರ್ಧ ಗ್ಲಾಸನ್ನು ಓರೆ ಹಿಡಿದು, ಉಳಿದರ್ಧ ನೆಟ್ಟಗೆ ನಿಲ್ಲಿಸಿ ನಡುಮಧ್ಯಕ್ಕೆ. ಎರಡು ಬೆರಳಗಲ ನೊರೆ ಬರಲಿ. "ನೊರೆ ಕೊಟ್ಟು ಮೋಸ ಮಾಡ್ತಾರೆ" ಎನ್ನುವವರೇ, ಆಗ ಹೊರಗೆ ಬಾರದ ಗ್ಯಾಸು ಆಮೇಲೆ ನಿಮ್ಮ ಹೊಟ್ಟೆಯಲ್ಲಿ ಬರುತ್ತದೆ.

ಮೂಸುವುದಕ್ಕೆ ದೀರ್ಘ ಉಸಿರು ಬೇಡ. ನಾಯಿ ಮೂಸುವ ಹಾಗೆ ಚಿಕ್ಕಚಿಕ್ಕದಾಗಿ ಎರಡು ಮೂರು ಸಲ, ಆಮೇಲೆ ಗ್ಲಾಸು ದೂರ. ಮೂಗು ಬೇಗ ಸೋಲುತ್ತದೆ. ಸೋತರೆ ನಿಮ್ಮ ಮೊಣಕೈಯ ಒಳಭಾಗವನ್ನೇ ಮೂಸಿ. ಸ್ವಂತ ಮೈವಾಸನೆಗೆ ಮೂಗು ಒಗ್ಗಿಹೋಗಿರುವುದರಿಂದ ಅದು ಸುಧಾರಿಸಿಕೊಳ್ಳುತ್ತದೆ. ಆಮೇಲೆ ಒಂದು ಗುಟುಕು ಬಾಯಿತುಂಬ ಆಡಿಸಿ, ನುಂಗಿ, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಬಿಡಿ. ಶೀತ ಆದಾಗ ಊಟ ಸಪ್ಪೆಯಾಗುವುದು ಏಕೆ ಎಂದು ಆಗ ಗೊತ್ತಾಗುತ್ತದೆ. ನಾವು ರುಚಿ ಎನ್ನುವುದರ ಬಹುಪಾಲು ಗಂಟಲ ಹಿಂದಿನಿಂದ ಮೂಗಿಗೆ ಹತ್ತುವ ವಾಸನೆ. ನಾಲಿಗೆಯ ತುದಿಯಲ್ಲಿ ಸಿಹಿ, ಬುಡದಲ್ಲಿ ಕಹಿ ಎಂಬ ಹಳೇ ಚಿತ್ರಪಟ ಸುಳ್ಳು. ಆದರೂ ನುಂಗಲೇಬೇಕು, ಏಕೆಂದರೆ ಕಹಿ ನಿಧಾನಕ್ಕೆ ಬಂದು ನಿಧಾನಕ್ಕೆ ಹೋಗುತ್ತದೆ. ಅದು ನಯವಾಗಿ ಹೋಗುತ್ತದೋ, ನಾಲಿಗೆ ಕೆರೆಯುತ್ತ ಕೂರುತ್ತದೋ ಎನ್ನುವುದು ಉಗುಳಿದರೆ ತಿಳಿಯದು.

ಪ್ರಮಾಣದ ಮಾತು ಬಂದರೆ, ಒಂದೊಂದರಲ್ಲಿ 90 ಮಿಲಿ, ಒಂದು ಕೂರಿಕೆಗೆ ನಾಲ್ಕು. ಒಟ್ಟು 360 ಮಿಲಿ, ಹೆಚ್ಚುಕಮ್ಮಿ ಒಂದು ಡಬ್ಬಿ, ಅದೂ ಒಂದೂವರೆ ಗಂಟೆಯಲ್ಲಿ, ನಡುನಡುವೆ ನೀರು. ಹಗುರದಿಂದ ಭಾರಕ್ಕೆ, ಕಡಿಮೆ ಕಹಿಯಿಂದ ಹೆಚ್ಚಿಗೆ. "ರುಚಿ ನೋಡೋದು ಅಂದ್ರೆ ಕುಡಿಯೋಕೆ ಒಂದು ನೆಪ" ಎಂದು ನಗುವವರು ಈ ಲೆಕ್ಕ ನೋಡಿ ಆಮೇಲೆ ನಗಲಿ. ಕುಡಿಯದವರಿಗೆ ಶುರು ಮಾಡಿ ಎಂದು ನಾನು ಹೇಳುತ್ತಿಲ್ಲ, ಅದನ್ನು ಯಾರೂ ಕೇಳಿಯೂ ಇಲ್ಲ.

ಬರೆದಿಟ್ಟುಕೊಳ್ಳಿ, ಆದರೆ ಲೇಬಲ್ ನೋಡಿ ಬರೆಯಬೇಡಿ. ಪೈನ್ ಮರದ ಅಂಟು, ಗೂಸ್‌ಬೆರ್ರಿ (ನಮ್ಮ ನೆಲ್ಲಿಕಾಯಿಯಲ್ಲ, ಯುರೋಪಿನ ಹಣ್ಣು) ಎಂದು ಅಲ್ಲಿರುತ್ತದೆ. ಎರಡನ್ನೂ ಜನ್ಮದಲ್ಲಿ ಮೂಸದವರು ಕಣ್ಣುಮುಚ್ಚಿ "ಹೌದು, ಗೂಸ್‌ಬೆರ್ರಿ" ಎಂದು ತಲೆದೂಗುತ್ತಾರೆ. ನಿಮ್ಮ ಮೂಗಿಗೆ ಅದು ಮಳೆಯಲ್ಲಿ ನೆನೆದ ಕಟ್ಟಿಗೆ ಎನಿಸಿದರೆ ಹಾಗೆಂದೇ ಬರೆಯಿರಿ. ಮುಂದಿನ ಸಲ ಅದೇ ವಾಸನೆಗೆ ಅದೇ ಮಾತು ಬಂದರೆ ಸಾಕು, ನೀವು ಕಲಿಯುತ್ತಿದ್ದೀರಿ.

ಇಷ್ಟೆಲ್ಲ ಹೇಳಿದರೂ ಯಾರೂ ಕೇಳದ ಒಂದು ಪ್ರಶ್ನೆಯಿದೆ. "ಈ ಬಿಯರ್ ಇರೋದೇ ಹೀಗೋ, ಇಲ್ಲಾ ಕೆಟ್ಟಿದೆಯೋ?" ಬಿಯರ್ ನನಗೆ ಹಿಡಿಸಲಿಲ್ಲ ಎಂದು ಕೈಬಿಟ್ಟವರಲ್ಲಿ ಎಷ್ಟೋ ಮಂದಿ ಕುಡಿದದ್ದು ಕೆಟ್ಟ ಬಿಯರ್. ಅವರು ಅದನ್ನು ಕಹಿ ಎಂದು ಕರೆದರು, ಬೇರೆ ಪದ ಇರಲಿಲ್ಲ. ಆ ಪದಗಳು ಹೆಚ್ಚೇನಿಲ್ಲ. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿ ಹಳತಾಗಿದೆ. ಬೆಣ್ಣೆ ಹಚ್ಚಿದ ಪಾಪ್‌ಕಾರ್ನಿನ ವಾಸನೆ, ನಾಲಿಗೆಯ ಮೇಲೊಂದು ಜಾರು, ಇದ್ದರೆ ಅದು ಹುದುಗುವಾಗ ಹುಟ್ಟುವ ಡೈಅಸಿಟೈಲ್ ಎಂಬ ಅಂಶ. ಹುದುಗುವಿಕೆಯ ಕೊನೆಗೆ ಎರಡು ಮೂರು ದಿನ ಹೆಚ್ಚು ಬಿಟ್ಟಿದ್ದರೆ ಯೀಸ್ಟೇ ಅದನ್ನು ವಾಪಸ್ ತಿಂದುಹಾಕುತ್ತಿತ್ತು, ಅವಸರ ಮಾಡಿದ್ದಾರೆ. ಟ್ಯಾಪಿನ ಬಿಯರಿನಲ್ಲಿ ಮಾತ್ರ ಬೆಣ್ಣೆ ಬಂದು ಅದೇ ಬಿಯರಿನ ಡಬ್ಬಿಯಲ್ಲಿ ಬರದಿದ್ದರೆ ಕೊಳವೆ ಕೊಳಕು. ಎರಡು ವಾರಕ್ಕೊಮ್ಮೆ ತೊಳೆಯಬೇಕಾದದ್ದು. ಹಸಿ ಸೇಬಿನ ವಾಸನೆ ಎಂದರೆ ಇನ್ನೂ ಹದವಾಗಿಲ್ಲ. ಬೇಯಿಸಿದ ಜೋಳದ ತೆನೆಯ ವಾಸನೆ ಎಂದರೆ ವೋರ್ಟನ್ನು ಸಾಕಷ್ಟು ಕುದಿಸಿಲ್ಲ, ಇಲ್ಲವೇ ಮುಚ್ಚಳ ಮುಚ್ಚಿ ಕುದಿಸಿದ್ದಾರೆ.

ಇವೆಲ್ಲದರಲ್ಲಿ ಮನೆಯಲ್ಲೇ ಮಾಡಿ ನೋಡಬಹುದಾದದ್ದು ಬಿಸಿಲಿನ ಪೆಟ್ಟು. ಹಾಪ್ಸ್ ಸ್ವಲ್ಪ ಮುಂದಿರುವ ತಿಳಿಬಣ್ಣದ ಲಾಗರನ್ನು ಎರಡು ಪಾರದರ್ಶಕ ಗ್ಲಾಸಿಗೆ ಸಮವಾಗಿ ಹಂಚಿ. ಒಂದನ್ನು ಬುಡದಿಂದ ಬಾಯಿವರೆಗೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ. ಇನ್ನೊಂದರ ಬಾಯಿ ಮಾತ್ರ ಮುಚ್ಚಿ. ಎರಡನ್ನೂ ಅಕ್ಕಪಕ್ಕ ನೇರ ಬಿಸಿಲಿನಲ್ಲಿ ಹದಿನೈದು ನಿಮಿಷ ಇಡಿ. ಒಂದನ್ನು ಒಳಗಿಟ್ಟು ಇನ್ನೊಂದನ್ನು ಹೊರಗಿಟ್ಟರೆ ಪ್ರಯೋಗ ಕೆಟ್ಟಿತು, ಬಿಸಿಯ ವ್ಯತ್ಯಾಸವೇ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಆಮೇಲೆ ಎರಡನ್ನೂ ಮೂಸಿ. ಬೆಳಕು ಕಂಡ ಗ್ಲಾಸಿನಲ್ಲಿ ಸುಟ್ಟ ರಬ್ಬರಿನಂಥ ಗಂಧಕದ ನಾತ. ಪಶ್ಚಿಮದವರು ಇದಕ್ಕೆ ಸ್ಕಂಕ್ ಎನ್ನುತ್ತಾರೆ, ಆ ಪ್ರಾಣಿಯನ್ನು ಮೂಸದವರಿಗೆ ರಬ್ಬರೇ ಸಾಕು. ಬೆಳಕು ಹಾಪ್ಸಿನ ಕಹಿ ಅಂಶವನ್ನು ಒಡೆಯುತ್ತದೆ, ಒಡೆದ ತುಂಡು ಗಂಧಕದ ಜೊತೆ ಸೇರುತ್ತದೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಹುಟ್ಟಿದರೂ ಮೂಗು ಹಿಡಿಯುತ್ತದೆ. ಕಂದು ಬಾಟಲಿ ಆ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಬಾಟಲಿ ಹೆಚ್ಚೇನೂ ತಡೆಯುವುದಿಲ್ಲ, ಬಣ್ಣವಿಲ್ಲದ ಬಾಟಲಿ ಇನ್ನೂ ಕಡೆ. ಹಸಿರು ಬಾಟಲಿಯ ಆ "ವಿದೇಶಿ ಘಮ" ಎಂದು ಮೆಚ್ಚುತ್ತಾರಲ್ಲ, ಎಷ್ಟೋ ಸಲ ಅದು ಇದೇ ನಾತ.

ಎರಡರ ವ್ಯತ್ಯಾಸ ಗೊತ್ತಾಯಿತು ಅನಿಸಿದರೆ ಅಷ್ಟಕ್ಕೇ ನಂಬಬೇಡಿ. ಮನೆಯವರೊಬ್ಬರಿಗೆ ಹೇಳಿ ಮೂರು ಲೋಟಕ್ಕೆ ಹಾಕಿಸಿ, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಯಾವುದು ಬೇರೆ ಎಂದು ಕಣ್ಣು ಮುಚ್ಚಿ ಹೇಳಬೇಕು. ಬಾಯಿಗೆ ಬಂದದ್ದು ಹೇಳಿದರೂ ಮೂರಕ್ಕೊಂದು ಸಲ ಸರಿಯಾಗುತ್ತದೆ. ಬರೀ ಅದೃಷ್ಟದಿಂದ ಸತತ ಮೂರು ಸಲ ಸರಿಯಾಗುವ ಸಾಧ್ಯತೆ ಇಪ್ಪತ್ತೇಳರಲ್ಲಿ ಒಂದು. ಬ್ರೂವರಿಗಳಲ್ಲಿ ರುಚಿಗಾರರನ್ನು ಪಳಗಿಸುವುದೂ ಹೀಗೆಯೇ. ನೂರು ಬಿಯರಿನ ಹೆಸರು ಗೊತ್ತಿರುವವರು ಇಲ್ಲಿ ಮುಗ್ಗರಿಸುವುದನ್ನು ನೋಡಬೇಕು.

ಕೊಳ್ಳುವಾಗ ಹೆಸರಿಗಿಂತ ಮೊದಲು ತಾರೀಖು ನೋಡಿ. ಈ ಕಸುಬಿನಲ್ಲಿ 3-30-300 ಎಂಬ ಒಂದು ಅಂದಾಜು ಲೆಕ್ಕವಿದೆ. 32 ಡಿಗ್ರಿಯಲ್ಲಿ ಮೂರು ದಿನ ಕೂತ ಬಿಯರ್, 22 ಡಿಗ್ರಿಯಲ್ಲಿ ಮೂವತ್ತು ದಿನ, 3 ಡಿಗ್ರಿಯಲ್ಲಿ ಮುನ್ನೂರು ದಿನ ಕೂತಷ್ಟೇ ಹಳತಾಗುತ್ತದೆ. ಐಪಿಎ ಥರದ, ಹಾಪ್ಸ್ ಪರಿಮಳವನ್ನೇ ನಂಬಿಕೊಂಡ ಬಿಯರಿಗೆ ಈ ಪೆಟ್ಟು ಎಲ್ಲಕ್ಕಿಂತ ಜೋರು. ಪರಿಮಳ ಮೊದಲು ಹೋಗುತ್ತದೆ, ಕಹಿ ಒಂಟಿಯಾಗಿ ಉಳಿಯುತ್ತದೆ. ಆಗ ನೀವು "ಛೇ, ಬರೀ ಕಹಿ" ಎನ್ನುತ್ತೀರಿ. ಆ ಬಿಯರಿನ ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ಸರಿ.

ಇಷ್ಟಾದರೂ ಹೆಸರೇ ಬೇಕು, ಕಹಿಯೂ ಇರಬಾರದು ಎನ್ನುವುದಾದರೆ, ಬವೇರಿಯಾ ಶೈಲಿಯ ಗೋಧಿ ಬಿಯರ್, ವೈಸ್‌ಬಿಯರ್. ಮಾಲ್ಟಿನಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಗೋಧಿ, ಐಬಿಯು 8ರಿಂದ 15. ಬಾಳೆಹಣ್ಣಿನ, ಲವಂಗದ ವಾಸನೆ ಬರುತ್ತದೆ. ಎರಡನ್ನೂ ಹಾಕಿರುವುದಿಲ್ಲ, ಎರಡೂ ಯೀಸ್ಟಿನ ಕೈಚಳಕ. ಸೋಸದ ಬಾಟಲಿಯನ್ನೇ ತನ್ನಿ, ಒಂದು ದಿನ ನೆಟ್ಟಗೆ ನಿಲ್ಲಿಸಿ, ಯೀಸ್ಟ್ ತಳಕ್ಕೆ ಕೂರಲಿ. ಅಲುಗಿಸದೆ ಮುಕ್ಕಾಲು ಬಾಟಲಿ ಸುರಿದು ಅದರ ರುಚಿ ನೋಡಿ. ಆಮೇಲೆ ಉಳಿದ ಕಾಲು ಬಾಟಲಿಯನ್ನು ಅಂಗೈಯಲ್ಲಿ ಗಿರ್ರನೆ ತಿರುಗಿಸಿ ತಳದ ಮಡ್ಡಿಯನ್ನೆಲ್ಲ ಎಬ್ಬಿಸಿ ಅದೇ ಗ್ಲಾಸಿಗೆ ಹಾಕಿ, ಇನ್ನೊಮ್ಮೆ ರುಚಿ ನೋಡಿ. ಎರಡು ಗುಟುಕಿನ ನಡುವೆ ಏನು ಬದಲಾಯಿತು ಎಂದು ಬರೆದು ತನ್ನಿ. ಪೇಲ್ ಏಲ್, ಐಪಿಎ ವಿಷಯ ಆಮೇಲೆ ಮಾತಾಡೋಣ.