ಒಡೆದಿಲ್ವಲ್ಲ

ಸೋಮವಾರ ಭಾವ ಅಂಗಡಿಗೆ ಬಂದವರೇ ಕೇಳಿದ್ದು, ‘ಥಿನ್ನರ್ ಐತೇನೋ?’ ಚೀಲದಲ್ಲಿ ಬಂದೋಬಸ್ತಿನ ಹೆಲ್ಮೆಟ್. ಮುಖದ ಮುಂದಿನ ಗಾಜಿನ ಮೇಲೆ ಪೇಂಟ್ ಕಲೆ. ಗಣಪತಿ ಮೆರವಣಿಗೆಯಲ್ಲಿ ಯಾರೋ ಎರಚಿದ್ದು. ಅದನ್ನು ಒರೆಸಬೇಕಂತೆ.

ದಾವಣಗೆರೆಯಲ್ಲಿ ನಾನು ಬೈಕ್ ಹೆಲ್ಮೆಟ್ ಮಾರುವವನು. ಭಾವ ಮೀಸಲು ಪೊಲೀಸ್ ಹೆಡ್ ಕಾನ್‌ಸ್ಟೇಬಲ್. ಲಾಠಿ, ಶೀಲ್ಡು, ಎದೆಗೆ ಕಟ್ಟುವ ಗಾರ್ಡು, ಫಸ್ಟ್ ಏಡ್ ಪೆಟ್ಟಿಗೆ ಎಲ್ಲಾ ಅವರ ಸ್ಟೋರಿನಲ್ಲೇ. ಮನೆಯಲ್ಲಿ ಅವರನ್ನು ‘ಗೋಡೌನ್ ಪೊಲೀಸ್’ ಅಂತ ಛೇಡಿಸುತ್ತಾರೆ. ಛೇಡಿಸುವವರಲ್ಲಿ ಒಬ್ಬರೂ ಆ ಸ್ಟೋರ್ ನೋಡಿದವರಲ್ಲ, ಅದು ಬೇರೆ ಮಾತು.

‘ಥಿನ್ನರ್ ಬ್ಯಾಡ ಭಾವ. ಹಿಂದೆ ಯಾವುದರಲ್ಲಿ ಒರೆಸ್ತಿದ್ರಿ?’

‘ಪೆಟ್ರೋಲಲ್ಲಿ. ಫಳಫಳ ಅಂತಿತ್ತು.’

ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. ಕಲ್ಲು ತಡೆಯುವಷ್ಟು ಗಟ್ಟಿ. ಆದರೆ ಪೆಟ್ರೋಲು, ಥಿನ್ನರ್ ತಾಗಿದರೆ ಕೂದಲಿನಷ್ಟು ಸಣ್ಣ ಬಿರುಕು ಬಿಡುತ್ತದೆ. ಸುಮ್ನೆ ನೋಡಿದರೆ ಕಾಣುವುದಿಲ್ಲ. ಏಟು ಬಿದ್ದಾಗ ಚೂರಾಗುತ್ತದೆ, ಅದೂ ಕಣ್ಣಿನ ಮುಂದೆಯೇ. ತೊಳೆಯಲು ಸೋಪಿನ ನೀರು, ಮೆತ್ತಗಿನ ಬಟ್ಟೆ ಸಾಕು. ಟ್ಯೂಬ್‌ಲೈಟಿಗೆ ಹಿಡಿದು ಓರೆ ಮಾಡಿದೆ. ಅಂಚಿನಲ್ಲಿ ಜೇಡರ ಬಲೆ ಹಾಗೆ ಗೆರೆಗಳು.

‘ಇದು ಬಳಸೋಕೆ ಬರಲ್ಲ ಅಂತ ಬರೆದು ಕಂಡೆಮ್ ಮಾಡ್ಸಿಬಿಡ್ರಿ.’

ಭಾವ ತಿರುಗಿಸಿ ತಿರುಗಿಸಿ ನೋಡಿದರು. ‘ಒಡೆದಿದ್ರೆ ಬರೆದು ಕೊಡಬಹುದಿತ್ತು. ಒಡೆದಿಲ್ವಲ್ಲೋ.’

ನಗು ಬಂತು. ರಾತ್ರಿ ಮಲಗಿದ ಮೇಲೆ ಅದೇ ಮಾತು ತಲೆಯಲ್ಲಿ ಸುತ್ತಿತು. ಹೆಲ್ಮೆಟ್ ಬೇಡ ಅಂತ ತೀರ್ಮಾನ ಆಗಬೇಕಾದರೆ ಮೊದಲು ಯಾರದ್ದೋ ಮುಖದ ಮೇಲೆ ಅದು ಒಡೆಯಬೇಕು. ಎಂಥ ಲೆಕ್ಕ ಇದು!

ಭಾವನ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇದೆ. ಯಾರಿಗೆ ಬಿಪಿ, ಯಾರಿಗೆ ಶುಗರ್, ಯಾರ ರಕ್ತದ ಗುಂಪು ಯಾವುದು ಅಂತೆಲ್ಲ ಬರೆದಿಟ್ಟಿದ್ದಾರೆ. ಯಾರೂ ಹೇಳಿ ಬರೆಸಿದ್ದಲ್ಲ. ಚಿತ್ರದುರ್ಗದ ಮಹಾಗಣಪತಿ ಶೋಭಾಯಾತ್ರೆಗೆ ಬಂದೋಬಸ್ತು ಹೋದರೆ ಬೆಳಿಗ್ಗೆ ನಿಂತವರು ರಾತ್ರಿ ತನಕ ನಿಂತೇ ಇರಬೇಕು. ಶುಗರ್ ಇರುವವನು ಮಾತ್ರೆ ನುಂಗಿ ಊಟ ತಪ್ಪಿಸಿದರೆ ಕಲ್ಲೇ ಬೇಕಿಲ್ಲ, ತಾನೇ ಬೀಳುತ್ತಾನೆ. ಹೆಣ್ಣುಮಕ್ಕಳು ಶೌಚಾಲಯ ಇಲ್ಲ ಅಂತ ನೀರೇ ಕುಡಿಯುವುದಿಲ್ಲ. ಮೇಲೆ ಆ ಗಾರ್ಡು ಬಿಗಿದರೆ ಒಳಗಿನ ಬೆವರು ಆರುವುದಿಲ್ಲ. ಓಆರ್‌ಎಸ್ ಪೊಟ್ಟಣ ಇಟ್ಟಿರುತ್ತಾರೆ ನಿಜ. ಒಂದು ಲೀಟರ್ ನೀರಿಗೆ ಕಲಸಬೇಕಾದ್ದನ್ನು ಅರ್ಧ ಬಾಟಲಿಗೆ ಸುರಿದು ಕುಡಿಯುವವರೇ ಜಾಸ್ತಿ. ಭಾವ ಅದಕ್ಕೂ ಬೈಯುತ್ತಾರಂತೆ. ಪೆಟ್ಟಿಗೆ ತಪಾಸಣೆಗೆ ಬಂದವರು ಪೊಟ್ಟಣ ಎಣಿಸಿ ಸಹಿ ಹಾಕಿ ಹೋಗುತ್ತಾರೆ. ಕುಡಿಯುವವನ ಗೋಳು ಎಣಿಕೆಗೆ ಸಿಗಲ್ಲ, ಅಲ್ವಾ?

ಬುಧವಾರ ಅಕ್ಕ ಫೋನ್ ಮಾಡಿದ್ದಳು. ಭಾವನ ಮೊಣಕಾಲು ಊದಿದೆ, ಎಕ್ಸ್‌ರೇಗೆ ಬಾ ಅಂದರೆ ಬರುತ್ತಿಲ್ಲ, ನೀನಾದರೂ ಹೇಳು ಅಂತ. ಹೇಳಿದೆ.

‘ನಡೀತೈತಲ್ಲೋ ಕಾಲು. ವಿಸರ್ಜನೆ ಎಲ್ಲಾ ಮುಗೀಲಿ, ನೋಡೋಣ’ ಅಂದರು. ಆಮೇಲೆ ಸೋಪಿನ ನೀರಿಗೆ ಶಾಂಪೂ ಹಾಕಬಹುದಾ ಅಂತ ಕೇಳಿದರು.